ಹಕ್ಕಿಗಿಂತ ಮೊದಲು ನೀರು ನೋಡಿ

ಒಂದು ಭಾನುವಾರ ಬೆಳಿಗ್ಗೆ ಕೆರೆಯ ಅಂಚಿನ ಕೆಸರಲ್ಲಿ ಸಣ್ಣ ಗೊರವಗಳ ಜಾತ್ರೆ. ಎತ್ತ ನೋಡಿದರೂ ಓಡುವ ಕಾಲು, ಚುಚ್ಚುವ ಕೊಕ್ಕು. ಎಣಿಸಲು ಹೋಗಿ ಮುನ್ನೂರರ ಹತ್ತಿರ ಲೆಕ್ಕ ತಪ್ಪಿತು. ಖುಷಿಗೆ ಗೆಳೆಯನಿಗೆ ಫೋನ್ ಮಾಡಿದೆ. 'ಮುಂದಿನ ವಾರ ಬಾ, ಕಣ್ತುಂಬ ತೋರಿಸ್ತೀನಿ' ಎಂದೆ. ಪಾಪ, ಭಾನುವಾರದ ನಿದ್ದೆ ಬಿಟ್ಟು ಬಂದ. ಕೆರೆಯಲ್ಲಿ ಒಂದು ಗೊರವವೂ ಇರಲಿಲ್ಲ. 'ನೀನು ಎಣಿಸಿದ್ದು ಹಕ್ಕಿನಾ, ಸೊಳ್ಳೆನಾ?' ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಕಾಲಬುಡದಲ್ಲೇ ಇತ್ತು. ನಡುವೆ ಎರಡು ರಾತ್ರಿ ಮಳೆ ಸುರಿದಿತ್ತು. ಕೆರೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಲ್ಲಿ ಒಂದು ಮೆಟ್ಟಿಲು ಮುಳುಗಿತ್ತು. ನೀರು ಏರಿದ್ದು ಒಂದು ಗೇಣು, ಅಷ್ಟೇ. ಆದರೆ ಸಣ್ಣ ಗೊರವದ ಕಾಲು ಇರುವುದೇ ಎರಡು ಮೂರು ಬೆರಳಿನ ಅಗಲದಷ್ಟು. ಅದರ ಪಾಲಿಗೆ ಅಂಗಡಿಯ ಬಾಗಿಲು ಮುಚ್ಚಿದಂತೆ.

ಅಂದಿನಿಂದ ನಾನು ಕೆರೆಗೆ ಹೋದಾಗ ಮೊದಲು ಹಕ್ಕಿ ನೋಡುವುದಿಲ್ಲ. ಮೆಟ್ಟಿಲು ನೋಡುತ್ತೇನೆ. ಎಷ್ಟು ಮೆಟ್ಟಿಲು ಹೊರಗಿದೆ ಅಂತ ಗೊತ್ತಾದರೆ, ಇವತ್ತು ಯಾರು ಸಿಗಬಹುದು, ಯಾರು ಸಿಗಲಾರರು ಎಂಬುದು ಅರ್ಧ ಗೊತ್ತಾದ ಹಾಗೆ. ಉಳಿದರ್ಧವನ್ನು ಕ್ಯಾಲೆಂಡರ್ ಹೇಳುತ್ತದೆ. ಜೌಗು ಎಂಬ ಜಾಗ ಕೆಲಸ ಮಾಡುವುದು ಈ ಎರಡರ ಲೆಕ್ಕದಲ್ಲೇ: ನೀರು ಎಷ್ಟಿದೆ, ತಿಂಗಳು ಯಾವುದು.

ಗೇಣು, ಮೊಳ, ಆಳುದ್ದ

ಜೌಗು ಎಂದರೆ ಬರೀ ನೀರಲ್ಲ. ಒಣನೆಲಕ್ಕೂ ಆಳದ ನೀರಿಗೂ ನಡುವಿನ ಜಾಗ ಅದು. ಹಸಿ ಮಣ್ಣು, ಕೆಸರು, ಪಾದ ಮುಳುಗುವ ನೀರು, ಮೊಣಕಾಲುದ್ದ ನೀರು, ಜೊಂಡು ಬೆಳೆದ ಮೂಲೆ, ಎಲ್ಲ ಒಟ್ಟಿಗೆ ಇರುತ್ತವೆ. ದೂರದಿಂದ ನೋಡಿದರೆ ಎಲ್ಲ ಒಂದೇ ಹೊಳೆಯುವ ತಟ್ಟೆ. ಹಕ್ಕಿಗಳಿಗೆ ಮಾತ್ರ ಅದು ಬೇರೆ ಬೇರೆ ಕೋಣೆಗಳಿರುವ ಮನೆ.

ಮೊದಲ ಕೋಣೆ ನೀರೇ ಇಲ್ಲದ ಹಸಿ ಕೆಸರು. ಇಲ್ಲಿ ಗೊರವ ಮತ್ತು ಚಿಕ್ಕ ಟಿಟ್ಟಿಭಗಳದ್ದೇ ಆಟ. ಸ್ವಲ್ಪ ಒಳಗೆ, ಗೇಣುದ್ದ ನೀರಲ್ಲಿ, ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿ. ಅದೇ ಆಳದಲ್ಲಿ ತಲೆ ಕೆಳಗೆ, ಬಾಲ ಮೇಲೆ ಮಾಡಿ ಮೇಯುವ ಬಾತುಗಳು. ಇವು ಆಹಾರಕ್ಕಾಗಿ ಮುಳುಗುವುದಿಲ್ಲ. ತೇಲುತ್ತಲೇ ಕತ್ತು ಚಾಚಿ ತಳ ಮುಟ್ಟಬೇಕು. ಹಾಗಾಗಿ ಕತ್ತು ಎಟುಕದಷ್ಟು ನೀರು ಇವಕ್ಕೆ ಖಾಲಿ ತಟ್ಟೆ ಇದ್ದ ಹಾಗೆ. ಸೂಜಿಬಾಲದ ಬಾತಿನ ಕತ್ತು ಉದ್ದ. ಚಿಕ್ಕ ಬಾತುಗಳಿಗೆ ಸಿಗದ ತಳವೂ ಅದಕ್ಕೆ ಸಿಗುತ್ತದೆ. ಒಂದೇ ನೀರಲ್ಲಿ ನಾಲ್ಕು ಬಗೆಯ ಬಾತುಗಳು ಜಗಳವಿಲ್ಲದೆ ಮೇಯುವುದರ ಗುಟ್ಟಿನಲ್ಲಿ ಇದೂ ಒಂದು.

ಮೊಳದುದ್ದ ನೀರಿಗೆ ಬಂದರೆ ಬೆಳ್ಳಕ್ಕಿಗಳಲ್ಲಿ ದೊಡ್ಡವು, ಕೊಕ್ಕರೆಗಳು, ಚಮಚದ ಕೊಕ್ಕು. ಅದರಾಚೆ ಆಳುದ್ದದ ನೀರು ಮುಳುಗಿ ಬೇಟೆಯಾಡುವವರದ್ದು. ನೀರುಕಾಗೆ, ಹಾವಕ್ಕಿ, ಗುಳುಮುಳುಕ. ನಾಮದ ಕೋಳಿ ಕೂಡ ಮುಳುಗಿ ಜಲಸಸ್ಯ ಕಿತ್ತು ತರುತ್ತದೆ. ಮೇಲೆ ಬರುವಷ್ಟರಲ್ಲಿ ಮುಳುಗಲು ಬಾರದ ಕೆಲವು ಬಾತುಗಳು ಕಾದು ನಿಂತು ಅದರ ಬಾಯಿಂದಲೇ ಕಸಿಯುತ್ತವೆ. ಒಮ್ಮೆ ಗಮನಿಸಿದರೆ ಆಮೇಲೆ ಇದೇ ಕಣ್ಣಿಗೆ ಬೀಳುತ್ತಿರುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಕೆರೆಯ ಅಂಚು ತುಂಬಾ ನಿಧಾನವಾಗಿ ಇಳಿಯುತ್ತದೆ ಎಂದುಕೊಳ್ಳಿ. ನೂರು ಮೀಟರ್ ನಡೆದರೆ ಒಂದು ಮೀಟರ್ ಆಳ. ಅಲ್ಲಿ ನೀರು 20 ಸೆಂಟಿಮೀಟರ್ ಏರಿದರೆ ದಡ 20 ಮೀಟರ್ ಹಿಂದೆ ಸರಿಯುತ್ತದೆ. ಅಷ್ಟಗಲದ ಕೆಸರು ರಾತ್ರೋರಾತ್ರಿ ಮಾಯ. ಇಳಿದರೆ ಅಷ್ಟೇ ಅಗಲದ ಹೊಸ ಕೆಸರು ತೆರೆದುಕೊಳ್ಳುತ್ತದೆ, ಅದೂ ಹುಳಹುಪ್ಪಟೆ ತುಂಬಿದ, ಇನ್ನೂ ಯಾರೂ ಕೆದಕದ ಕೆಸರು. ನೀರು ಇಳಿಯುವ ವಾರಗಳಲ್ಲಿ ಗೊರವಗಳು ಮುಗಿಬೀಳುವುದು ಇದಕ್ಕೇ. ಅದೇ ಕೆರೆಗೆ ನೇರ ಕಲ್ಲುಗೋಡೆ ಕಟ್ಟಿದ್ದರೆ? ನೀರು ಎಷ್ಟೇ ಏರಲಿ, ಇಳಿಯಲಿ, ಗೊರವಕ್ಕೆ ಕಾಲಿಡಲು ಜಾಗವೇ ಇಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ಕಣ್ಣಿನವರು, ಮೂತಿಯವರು

ಕೆಸರಿನ ಹಕ್ಕಿಗಳು ಹೊಸಬರಿಗೆ ತಲೆನೋವು. ಎಲ್ಲ ಕಂದು, ಎಲ್ಲ ಗಿಡ್ಡ, ಪುಸ್ತಕ ತಿರುವಿದಷ್ಟೂ ಗೊಂದಲ. ಬಣ್ಣ ಬಿಡಿ. ಊಟ ಮಾಡುವ ರೀತಿ ನೋಡಿ.

ಒಂದು ಗುಂಪು ನಾಲ್ಕು ಹೆಜ್ಜೆ ಓಡುತ್ತದೆ. ಗಕ್ಕನೆ ನಿಲ್ಲುತ್ತದೆ. ತಲೆ ಸ್ವಲ್ಪ ಓರೆ ಮಾಡುತ್ತದೆ. ಟಕ್ ಎಂದು ಒಂದೇ ಸಲ ಕುಕ್ಕುತ್ತದೆ. ಮತ್ತೆ ಓಟ. ಇವು ಟಿಟ್ಟಿಭದ ಬಳಗ. ಕಣ್ಣು ದೊಡ್ಡದು, ಕೊಕ್ಕು ಗಿಡ್ಡ. ನೋಡಿಯೇ ಹಿಡಿಯುವವು. ಓಡುತ್ತಲೇ ಹುಡುಕಿದರೆ ಸಣ್ಣ ಹುಳದ ಅಲುಗಾಟ ಕಾಣುವುದಿಲ್ಲ. ಅದಕ್ಕೇ ಆ ನಿಲುಗಡೆ.

ಇನ್ನೊಂದು ಗುಂಪು ತಲೆ ಎತ್ತುವುದೇ ಅಪರೂಪ. ಅಕ್ಕಿಯಲ್ಲಿ ಕಲ್ಲು ಹುಡುಕುವ ಬೆರಳಿನ ಹಾಗೆ ಕೊಕ್ಕು ಬಿಡುವಿಲ್ಲದೆ ಕೆಸರಲ್ಲಿ ಆಡುತ್ತಿರುತ್ತದೆ. ಇವು ಗೊರವಗಳು. ಇವುಗಳ ಕೊಕ್ಕಿನ ತುದಿಯಲ್ಲಿ ಸ್ಪರ್ಶ ತಿಳಿಯುವ ಸಣ್ಣ ಸಣ್ಣ ಕುಳಿಗಳಿವೆ. ಕಣ್ಣಿಗೆ ಕಾಣದ ಹುಳವನ್ನು ತಡಕಿ ಹುಡುಕುತ್ತವೆ. ಉಲ್ಲಂಕಿಯದಂತೂ ಇನ್ನೂ ಮಜಾ. ಉದ್ದ ಕೊಕ್ಕನ್ನು ಬುಡದವರೆಗೂ ಕೆಸರಿಗೆ ಇಳಿಸಿ, ಪೂರ್ತಿ ಬಾಯಿ ತೆರೆಯದೆ, ತುದಿಯನ್ನು ಮಾತ್ರ ಚಿಮುಟದಂತೆ ತೆರೆದು ಹುಳ ಹಿಡಿಯಬಲ್ಲದು. ಕೆಸರೊಳಗೆ ಬಾಯಿ ಪೂರ್ತಿ ತೆರೆಯಲು ಹೋದರೆ ಎಷ್ಟು ಮಣ್ಣು ತಳ್ಳಬೇಕು ಯೋಚಿಸಿ.

ಈ ಒಂದು ವ್ಯತ್ಯಾಸ ತಲೆಗೆ ಹೋದರೆ ಅರ್ಧ ಗೊಂದಲ ಕರಗುತ್ತದೆ. ಹೆಸರು ಆಮೇಲೆ ತಾನಾಗಿ ಬರುತ್ತದೆ.

ದೊಡ್ಡ ಹಕ್ಕಿಗಳಲ್ಲೂ ಇದೇ ಎರಡು ಮನೆತನ. ಬೆಳ್ಳಕ್ಕಿ ಕಣ್ಣಿನದು. ಕಂಬದ ಹಾಗೆ ನಿಂತು, ಮೀನು ಹತ್ತಿರ ಬಂದಾಗ ಕತ್ತನ್ನು ಸ್ಪ್ರಿಂಗಿನಂತೆ ಬಿಡುತ್ತದೆ. ಬಣ್ಣದ ಕೊಕ್ಕರೆ ಬಾಯಿ ಅರೆ ತೆರೆದು ನೀರಲ್ಲಿ ಅದ್ದಿ ನಡೆಯುತ್ತದೆ. ಮೀನು ತಾಗಿದ ಕ್ಷಣ ಬಾಯಿ ಮುಚ್ಚಿರುತ್ತದೆ. ಇದರ ಹತ್ತಿರದ ನೆಂಟ, ಅಮೆರಿಕದ ಮರಕೊಕ್ಕರೆಯಲ್ಲಿ ಈ ವೇಗ ಅಳೆದಿದ್ದಾರೆ. ಒಂದು ಸೆಕೆಂಡಿನ ನಲವತ್ತನೇ ಒಂದು ಭಾಗ. ಹೀಗೆ ತಡಕುವವರಿಗೆ ನೀರು ರಾಡಿಯಾದರೂ ಚಿಂತೆಯಿಲ್ಲ. ಆದರೆ ಮೀನು ದಟ್ಟವಾಗಿ ಇರಬೇಕು, ಇಲ್ಲದಿದ್ದರೆ ದಿನವಿಡೀ ತಡಕಿದರೂ ಬಾಯಿಗೆ ತಾಗುವುದಿಲ್ಲ. ಚಮಚದ ಕೊಕ್ಕು ತಲೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಹೋಗುತ್ತದೆ, ಹುಲ್ಲು ಕೊಯ್ಯುವ ಕೈಯಂತೆ. ಚಲುಕದ ಬಾತಿನ ಅಗಲ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಿವೆ. ಅದು ನೀರನ್ನೇ ಸೋಸಿ ತಿನ್ನುತ್ತದೆ. ಬಾಯ್ಕಳಕ ಕೊಕ್ಕರೆಯ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಅದರ ಮುಖ್ಯ ಆಹಾರ ಬಸವನಹುಳು.

ಮೂರು ಚಮಚ ಕೆಸರು

ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆರೆ ಅಂಗಳ ನೋಡಿದರೆ ಎಲ್ಲ ಮುಗಿದ ಹಾಗೆ ಕಾಣುತ್ತದೆ. ಹಾಗಲ್ಲ.

ಡಾರ್ವಿನ್ ಒಂದು ಕೆಲಸ ಮಾಡಿದ್ದರು. ಸಣ್ಣ ಕೊಳವೊಂದರ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದರು. ಒಣಗಿದಾಗ ಅದರ ತೂಕ ಸುಮಾರು 190 ಗ್ರಾಂ. ಅದನ್ನು ಮುಚ್ಚಿಟ್ಟು, ಆರು ತಿಂಗಳು ಕಾಲ ಮೊಳೆತ ಪ್ರತಿ ಗಿಡವನ್ನೂ ಕಿತ್ತು ಎಣಿಸಿದರು. ಒಟ್ಟು 537 ಗಿಡ! ಕಾಫಿ ಬಟ್ಟಲಲ್ಲಿ ಹಿಡಿಸುವಷ್ಟು ಮಣ್ಣು. ನೀರಹಕ್ಕಿಗಳ ಕಾಲಿಗೆ ಮೆತ್ತಿದ ಕೆಸರಿನಲ್ಲೇ ಬೀಜಗಳು ಒಂದು ಕೊಳದಿಂದ ಇನ್ನೊಂದಕ್ಕೆ ಪ್ರಯಾಣ ಮಾಡಬಹುದು ಎಂಬುದು ಅವರ ವಾದ. ಅದು ನಿಜವಾಯಿತು. ಕಾಲಿನಲ್ಲಷ್ಟೇ ಅಲ್ಲ, ಬಾತುಗಳ ಹೊಟ್ಟೆಯಲ್ಲೂ ಬೀಜಗಳು, ಸಣ್ಣ ಜಲಜೀವಿಗಳ ಮೊಟ್ಟೆಗಳು ಜೀವಂತವಾಗಿ ದಾಟುತ್ತವೆ ಎಂದು ಈಗ ಗೊತ್ತಿದೆ.

ಒಣಗಿದ ಕೆಸರಲ್ಲಿ ಬೀಜದ ಜೊತೆ ಸೀಗಡಿಯ ಸಂಬಂಧಿಗಳಾದ ಪುಟ್ಟ ಜೀವಿಗಳ ಮೊಟ್ಟೆಗಳೂ ಇರುತ್ತವೆ. ಕೆಲವು ವರ್ಷಗಟ್ಟಲೆ ಒಣಗಿ ಬಿದ್ದಿದ್ದು, ನೀರು ತಾಗಿದ ಕೆಲವೇ ದಿನಗಳಲ್ಲಿ ಒಡೆಯುತ್ತವೆ. ಅಂದರೆ ಕೆರೆ ಒಣಗುವುದು ಕೆರೆಯ ಸಾವಲ್ಲ. ಎಷ್ಟೋ ಕೆರೆಗಳಿಗೆ ಅದು ವರ್ಷಕ್ಕೊಮ್ಮೆ ಬರುವ ನಿದ್ದೆ. ಸದಾ ತುಂಬಿರುವ ಕೆರೆಯೇ ಒಳ್ಳೆಯ ಕೆರೆ ಎಂಬ ನಂಬಿಕೆ ನನಗೂ ಇತ್ತು. ಈಗಿಲ್ಲ.

ನೀರಿನ ವರ್ಷ

ಮಳೆಗಾಲ ಮತ್ತು ಒಣಗಾಲ ಇರುವ ಕಡೆ ಜೌಗಿನ ಹೊಸ ವರ್ಷ ಶುರುವಾಗುವುದು ಮೊದಲ ದೊಡ್ಡ ಮಳೆಯ ರಾತ್ರಿ. ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಕಪ್ಪೆಗಳು. ಅವುಗಳ ಅವಸರಕ್ಕೆ ಕಾರಣವಿದೆ. ಹೊಸದಾಗಿ ತುಂಬಿದ ಗುಂಡಿಗಳಲ್ಲಿ ಮೀನುಗಳಿರುವುದಿಲ್ಲ. ಗೊದಮೊಟ್ಟೆಗಳನ್ನು ನುಂಗುವವರು ಕಡಿಮೆ. ಆದರೆ ಗುಂಡಿ ಒಣಗುವ ಮೊದಲು ಕಾಲು ಬಲಿತು ಹೊರಗೆ ಜಿಗಿಯಬೇಕು. ಅದೊಂದು ಓಟದ ಪಂದ್ಯ.

ಏರೋಪ್ಲೇನ್ ಚಿಟ್ಟೆಗಳದ್ದೂ ಅದೇ ಪಂದ್ಯ. ಮಳೆಯ ನಂತರ ಬಯಲಲ್ಲಿ ಗುಂಪಾಗಿ ಹಾರುವ ಹೊಂಬಣ್ಣದ ಒಂದು ಜಾತಿ ಇದೆ. ಅದರ ಮರಿ ಸಣ್ಣ ನೀರಗುಂಡಿಯಲ್ಲಿ ಒಂದೂವರೆ ಎರಡು ತಿಂಗಳಲ್ಲೇ ಬೆಳೆದು ರೆಕ್ಕೆ ಪಡೆಯುತ್ತದೆ. ಮಾಲ್ಡೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್‌ಗೆ ಒಂದು ಅನುಮಾನ ಬಂತು. ಸಿಹಿನೀರಿನ ಕೆರೆ ಕುಂಟೆಗಳು ಇಲ್ಲವೇ ಇಲ್ಲ ಎನ್ನಬಹುದಾದ ಆ ದ್ವೀಪಗಳಿಗೆ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಇಷ್ಟೊಂದು ಏರೋಪ್ಲೇನ್ ಚಿಟ್ಟೆಗಳು ಎಲ್ಲಿಂದ ಬರುತ್ತವೆ? ಅವು ಭಾರತದಿಂದ ಹೊರಟು ಗಾಳಿಯ ಬೆನ್ನೇರಿ ಪೂರ್ವ ಆಫ್ರಿಕಾ ಕಡೆಗೆ ಹೋಗುತ್ತಿವೆ ಎಂದು ಅವರು 2009ರಲ್ಲಿ ಬರೆದರು. ವಲಸೆ ಎಂದ ಕೂಡಲೇ ನಾವು ತಲೆ ಎತ್ತಿ ಬಾತು ಹುಡುಕುತ್ತೇವೆ. ಮೂಗಿನ ಮುಂದೆ ಹಾರುವ ಹುಳವೂ ಸಮುದ್ರ ದಾಟುತ್ತದೆ.

ನೀರು ತುಂಬಿ ಜೊಂಡು, ನೈದಿಲೆ ಎದ್ದ ಮೇಲೆ ಗೂಡಿನ ಕಾಲ. ಈಗ ಎರಡು ಹಕ್ಕಿಗಳನ್ನು ತಾಳ್ಮೆಯಿಂದ ನೋಡಬೇಕು.

ಒಂದು ಗುಳುಮುಳುಕ. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಬಾಲವೇ ಇಲ್ಲವೇನೋ ಎಂಬಂಥ ದುಂಡು ಮೈ. ಗೂಡು ಎಂದರೆ ತೇಲುವ ಕಸದ ಗುಪ್ಪೆ. ಒಮ್ಮೆ ಏರಿಯ ಮೇಲೆ ಕೂತು ನೋಡುತ್ತಿದ್ದೆ. ದಾರಿಯಲ್ಲಿ ಯಾರೋ ಬಂದರು. ಕಾವಿಗೆ ಕೂತಿದ್ದ ಹಕ್ಕಿ ಎದ್ದಿತು. ಹಾರಲಿಲ್ಲ. ಮೊದಲು ಎಡಕ್ಕೊಂದು ಕುಕ್ಕು, ಬಲಕ್ಕೊಂದು ಕುಕ್ಕು. ಸುತ್ತಲಿನ ಕೊಳೆತ ಎಲೆ, ನಾರುಗಳನ್ನು ಎಳೆದು ಮೊಟ್ಟೆಗಳ ಮೇಲೆ ಹೊದಿಸಿತು. ಆಮೇಲೆ ಸದ್ದಿಲ್ಲದೆ ನೀರಿಗೆ ಜಾರಿ ಮುಳುಗಿತು. ಎಲ್ಲ ಸೇರಿ ಐದಾರು ಸೆಕೆಂಡು. ಬೈನಾಕ್ಯುಲರ್‌ನಲ್ಲಿ ಮತ್ತೆ ನೋಡಿದರೆ ಅಲ್ಲಿ ಗೂಡೇ ಇಲ್ಲ, ಸುಮ್ನೆ ಒಂದು ಕಸದ ಗುಡ್ಡೆ. ಮರಿಯಾದ ಮೇಲೆ ಇದೇ ಹಕ್ಕಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ.

ಇನ್ನೊಂದು ದೇವನಕ್ಕಿ. ತೇಲುವ ಎಲೆಗಳ ಮೇಲೆ ನಡೆಯುವ ಹಕ್ಕಿ. ಬೆರಳುಗಳು ಎಷ್ಟು ಉದ್ದವೆಂದರೆ ಭಾರ ಎಲ್ಲ ಕಡೆ ಹಂಚಿಹೋಗಿ ಎಲೆ ಮುಳುಗುವುದಿಲ್ಲ. ಇಲ್ಲಿ ಸಂಸಾರದ ಲೆಕ್ಕ ಉಲ್ಟಾ. ಹೆಣ್ಣು ದೊಡ್ಡದು, ಜಗಳಗಂಟಿ. ಹಲವು ಗಂಡುಗಳ ಗೂಡಿಗೆ ಮೊಟ್ಟೆ ಇಟ್ಟು ಹೋಗುತ್ತದೆ. ಕಾವು ಕೂರುವುದು, ಮರಿ ಸಾಕುವುದು ಗಂಡಿನ ಪಾಲು. ಕೆಲವು ಜಾತಿಗಳಲ್ಲಿ ಅಪಾಯ ಬಂದರೆ ಅಪ್ಪ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ನಡೆಯುತ್ತದೆ. ಆಗ ಅದಕ್ಕೆ ಎಂಟು ಹತ್ತು ಕಾಲು ನೇತಾಡುತ್ತಿರುವಂತೆ ಕಾಣುತ್ತದೆ!

ಮಳೆ ನಿಂತ ಮೇಲೆ ನೀರು ಇಳಿಯತೊಡಗುತ್ತದೆ. ಮೊದಲ ಕೆಸರು ಕಾಣಿಸುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಉತ್ತರದಿಂದ ಅತಿಥಿಗಳು ಇಳಿಯುತ್ತಾರೆ. ನೀರು ಇನ್ನೂ ಕುಗ್ಗಿ ಕೊನೆಯ ಗುಂಡಿಗಳಷ್ಟೇ ಉಳಿದಾಗ, ಇಡೀ ಕೆರೆಯ ಮೀನು ಅಲ್ಲಿ ಒತ್ತೊತ್ತಾಗಿ ಸೇರುತ್ತದೆ. ಕೊಕ್ಕರೆ, ಬೆಳ್ಳಕ್ಕಿ, ಹೆಜ್ಜಾರ್ಲೆಗಳ ಹಬ್ಬ. ತಡಕಿ ತಿನ್ನುವ ಕೊಕ್ಕರೆಗೆ ಮೀನು ದಟ್ಟವಾಗಿ ಬೇಕು ಎಂದೆನಲ್ಲ, ಆ ದಿನಗಳು ಇವು.

ಬಂದವರು ಯಾಕೆ ಬಂದರು?

'ಚಳಿ ತಾಳಲಾರದೆ ಬರುತ್ತವೆ' ಎಂದು ಹೇಳುವುದುಂಟು. ಪೂರ್ತಿ ಸರಿಯಲ್ಲ. ಬಾತಿನ ಮೈಮೇಲೆ ಒಳ್ಳೆಯ ಕಂಬಳಿಯೇ ಇದೆ. ಸಮಸ್ಯೆ ಚಳಿಗಿಂತ ಜಾಸ್ತಿ ಊಟದ್ದು. ನೀರು ಹೆಪ್ಪುಗಟ್ಟಿ, ಕೆಸರು ಕಲ್ಲಾದರೆ ಕೊಕ್ಕು ಎಲ್ಲಿ ಚುಚ್ಚುವುದು? ಹಾಗಾದರೆ ಬೆಚ್ಚಗಿನ ನಾಡಲ್ಲೇ ಇದ್ದುಬಿಡಬಹುದಲ್ಲ, ವಾಪಸ್ ಯಾಕೆ ಹೋಗಬೇಕು? ಉತ್ತರದ ಬೇಸಿಗೆಯಲ್ಲಿ ಹಗಲು ತುಂಬ ಉದ್ದ, ಹುಳಗಳು ಲೆಕ್ಕವಿಲ್ಲದಷ್ಟು, ಗೂಡಿಗೆ ಜಾಗ ಬೇಕಾದಷ್ಟು. ಮರಿ ಸಾಕಲು ಅದಕ್ಕಿಂತ ಒಳ್ಳೆಯ ಕಡೆ ಸಿಗದು.

ಹೊರಡುವ ದಿನ ಹೇಗೆ ಗೊತ್ತಾಗುತ್ತದೆ? 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ಸಣ್ಣ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲಿ ಹೊರಗಿನ ಪಂಜರಗಳಲ್ಲಿ ಇಟ್ಟು, ಕೆಲವಕ್ಕೆ ಸಂಜೆ ವಿದ್ಯುತ್ ಬಲ್ಬು ಹಾಕಿ ಹಗಲನ್ನು ಉದ್ದ ಮಾಡಿದರು. ನಡುಚಳಿಗಾಲದಲ್ಲೇ ಆ ಹಕ್ಕಿಗಳ ಮೈ ವಸಂತಕ್ಕೆ ಸಜ್ಜಾಯಿತು. ಥರ್ಮಾಮೀಟರ್ ಅಲ್ಲ, ಹಗಲಿನ ಉದ್ದವೇ ಗಡಿಯಾರ ಎಂಬುದಕ್ಕೆ ಅದು ಮೊದಲ ಗಟ್ಟಿ ಪುರಾವೆಗಳಲ್ಲಿ ಒಂದು. ಹವೆ ವರ್ಷದಿಂದ ವರ್ಷಕ್ಕೆ ಮೋಸ ಮಾಡಬಹುದು. ಸೂರ್ಯ ಮಾಡುವುದಿಲ್ಲ.

ಪ್ರಯಾಣದ ತಯಾರಿ ಎಂದರೆ ಕೊಬ್ಬು. ಗಾಡ್ವಿಟ್ ಎಂಬ ಉದ್ದ ಕೊಕ್ಕಿನ ಕೆಸರುಹಕ್ಕಿಯ ಒಂದು ಜಾತಿ ಹೊರಡುವ ಹೊತ್ತಿಗೆ ಮೈತೂಕದ ಅರ್ಧದಷ್ಟು ಕೊಬ್ಬನ್ನೇ ತುಂಬಿಕೊಂಡಿರುತ್ತದೆ. ದಾರಿಯಲ್ಲಿ ಬೇಡದ ಕರುಳು, ಹೊಟ್ಟೆಗಳನ್ನು ಕುಗ್ಗಿಸಿಕೊಂಡಿರುತ್ತದೆ. 2022ರಲ್ಲಿ ಇದರ ಐದು ತಿಂಗಳ ಮರಿಯೊಂದು, ಬೆನ್ನಿಗೆ ಟ್ಯಾಗ್ ಹೊತ್ತು, ಅಲಾಸ್ಕದಿಂದ ಹೊರಟು ಎಲ್ಲೂ ಇಳಿಯದೆ ಆಸ್ಟ್ರೇಲಿಯಾದ ಟಾಸ್ಮೇನಿಯಾ ತಲುಪಿತು. 11 ದಿನ, ಸುಮಾರು 13,500 ಕಿಲೋಮೀಟರ್. ಮೊದಲ ಪ್ರಯಾಣವೇ ಅದು!

ಪಟ್ಟೆತಲೆ ಹೆಬ್ಬಾತಿನ ದಾರಿ ಬೇರೆ. ಮಂಗೋಲಿಯ, ಟಿಬೆಟ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಭಾರತಕ್ಕೆ ಬರುತ್ತದೆ. ಟ್ಯಾಗ್ ಹಾಕಿದ ಹೆಬ್ಬಾತೊಂದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅದರ ರಕ್ತ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೂ ಅದು ಸುಮ್ಮನೆ ಮೇಲೇರಿ ಅಲ್ಲೇ ಹಾರುತ್ತಾ ಹೋಗುವುದಿಲ್ಲ. ಬೆಟ್ಟ ಬಂದರೆ ಏರುತ್ತದೆ, ಕಣಿವೆ ಬಂದರೆ ಇಳಿಯುತ್ತದೆ. ಮತ್ತೆ ಏರುವ ಶ್ರಮಕ್ಕಿಂತ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಶ್ರಮವೇ ಜಾಸ್ತಿ.

ಹಕ್ಕಿ ಎಲ್ಲಿಂದ ಬಂತು ಎಂದು ತಿಳಿಯುವ ವಿದ್ಯೆ ಶುರುವಾದದ್ದು ಒಂದು ಉಂಗುರದಿಂದ. 1899ರಲ್ಲಿ ಡೆನ್ಮಾರ್ಕಿನ ಶಾಲಾಮೇಷ್ಟ್ರು ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್ ಹಕ್ಕಿಗಳ ಕಾಲಿಗೆ ಅಲ್ಯುಮಿನಿಯಂ ಉಂಗುರ ತೊಡಿಸಿ, ಅದರ ಮೇಲೆ ಸಂಖ್ಯೆ ಮತ್ತು ವಿಳಾಸ ಕೆತ್ತಿದರು. ಈಗ ಹೆಬ್ಬಾತುಗಳ ಕತ್ತಿಗೆ ಬಣ್ಣದ ಪಟ್ಟಿಯೂ ಇರುತ್ತದೆ. ಅಂಥದ್ದು ಕಂಡರೆ ಬಣ್ಣ, ಅಕ್ಷರ, ಅಂಕಿ ಬರೆದುಕೊಳ್ಳಿ. ಇನ್ನೊಂದು ದೇಶದಲ್ಲಿ ಯಾರೋ ಅದರ ಸುದ್ದಿಗೆ ಕಾಯುತ್ತಿರುತ್ತಾರೆ.

ಪುಸ್ತಕದ ಬಾತು, ಕೆರೆಯ ಬಾತು

ಹೊಸಬರ ದೊಡ್ಡ ದೂರು ಇದು. ಪುಸ್ತಕದಲ್ಲಿ ಗಂಡು ಬಾತು ಮದುಮಗನ ಹಾಗಿದೆ, ಕೆರೆಯಲ್ಲಿ ಎಲ್ಲವೂ ಮಣ್ಣಿನ ಬಣ್ಣ. ಕಣ್ಣಿನ ತಪ್ಪಲ್ಲ. ಮರಿ ಮಾಡುವ ಕಾಲ ಮುಗಿದ ಮೇಲೆ ಬಾತುಗಳು ಹಾರುವ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸುತ್ತವೆ. ಮೂರು ನಾಲ್ಕು ವಾರ ಹಾರಲಾರವು. ಆ ಹೊತ್ತಲ್ಲಿ ಗಂಡುಗಳು ಬಣ್ಣದ ಅಂಗಿ ಕಳಚಿ ಹೆಣ್ಣಿನಂತೆ ಮಂಕು ಗರಿ ತೊಡುತ್ತವೆ. ಹಾರಲಾಗದವನಿಗೆ ಮಿಂಚುವ ಅಂಗಿ ಯಾಕೆ? ವಲಸೆ ಬಂದ ಹೊಸತರಲ್ಲಿ ಎಷ್ಟೋ ಗಂಡುಗಳು ಇನ್ನೂ ಅದೇ ಮಂಕು ಅಂಗಿಯಲ್ಲಿರುತ್ತವೆ. ಒಂದೆರಡು ತಿಂಗಳು ಬಿಟ್ಟು ಹೋಗಿ, ಅದೇ ಗುಂಪಿಗೆ ಬಣ್ಣ ಏರಿರುತ್ತದೆ. ಗೊರವಗಳು ಇದಕ್ಕೆ ತಿರುಗುಮುರುಗು: ಚಳಿಗಾಲವಿಡೀ ಬೂದಿ ಬಣ್ಣದಲ್ಲಿದ್ದು, ಸರಿಯಾಗಿ ಹೊರಡುವ ಹೊತ್ತಿಗೆ ಕೆಂಪು, ಕಪ್ಪು ಏರಿಸಿಕೊಳ್ಳುತ್ತವೆ. ನಮಗೆ ಸಿಗುವುದು ಬೆನ್ನು ತಿರುಗಿಸುವ ಮುಂಚಿನ ಒಂದೆರಡು ವಾರದ ಚೆಲುವು.

ನಿಲ್ಲುವುದು, ಎಣಿಸುವುದು

ಬೆಳಿಗ್ಗೆ ಬೇಗ ಹೋಗಿ, ಸೂರ್ಯ ಬೆನ್ನ ಹಿಂದೆ ಇರುವ ದಡದಲ್ಲಿ ನಿಲ್ಲಿ. ಬೈನಾಕ್ಯುಲರ್ ಮೇಲೆ 8x42 ಎಂದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಎಂದರ್ಥ. ಹತ್ತು, ಹನ್ನೆರಡು ಪಟ್ಟಿನದಕ್ಕೆ ಆಸೆ ಪಡಬೇಡಿ. ಕೈ ನಡುಗಿದರೆ ಅದೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ.

ಹಕ್ಕಿಗಳನ್ನು ಹತ್ತಿರದಿಂದ ನೋಡಲು ನಡೆಯಬೇಡಿ, ಕೂರಿ. ಅರ್ಧ ಗಂಟೆ ಕೂತರೆ ಅವೇ ಹತ್ತಿರ ಬರುತ್ತವೆ. ಮೇಯುತ್ತಿದ್ದ ಹಕ್ಕಿ ತಲೆ ಎತ್ತಿ ನಿಂತರೆ ಅದು ನಿಮ್ಮನ್ನು ನೋಡಿದೆ ಎಂದರ್ಥ. ಮೆಲ್ಲಗೆ ಆಚೆ ನಡೆಯತೊಡಗಿದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ. ಹಾರಿದರೆ ಅದರ ಬೆಳಗಿನ ಊಟ ಹಾಳು ಮಾಡಿದಿರಿ. ಗೂಡಿನ ಫೋಟೋಗೆ ಹೋಗುವವರ ಬಗ್ಗೆ ನನಗೆ ಸ್ವಲ್ಪವೂ ತಾಳ್ಮೆಯಿಲ್ಲ. ತಾಯಿ ಎದ್ದು ಹೋದ ಹತ್ತು ನಿಮಿಷ ಬಿಸಿಲಿನಲ್ಲಿ ಮೊಟ್ಟೆ ಬೇಯಲು ಸಾಕಾಗಬಹುದು.

ನೀವು ಅಲುಗಾಡದೆ ಇದ್ದಾಗಲೂ ಕೆರೆಯ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದರೆ ಕೆಳಗೆ ನೋಡಬೇಡಿ, ಮೇಲೆ ನೋಡಿ. ಜೊಂಡಿನ ಮೇಲೆ ರೆಕ್ಕೆ ವಿ ಆಕಾರದಲ್ಲಿ ಎತ್ತಿ ತೇಲುತ್ತಾ ಸೆಳೆವ ಎಂಬ ಬೇಟೆಹಕ್ಕಿಯೊಂದು ಬರುತ್ತಿರುತ್ತದೆ.

ಎಣಿಸುವುದಕ್ಕೆ ಒಂದು ಉಪಾಯ. ಮೊದಲು ಹತ್ತು ಹಕ್ಕಿಗಳನ್ನು ಸರಿಯಾಗಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಲ್ಲಿ ಹಿಡಿದುಕೊಳ್ಳಿ. ಆಮೇಲೆ ಗುಂಪಿನ ಮೇಲೆ ಆ ಅಳತೆ ಇಡುತ್ತಾ ಹೋಗಿ. ಜಗತ್ತಿನಾದ್ಯಂತ ಜನವರಿ ಸುತ್ತಮುತ್ತ ನಡೆಯುವ ನೀರಹಕ್ಕಿ ಗಣತಿಯಲ್ಲೂ ದೊಡ್ಡ ಗುಂಪುಗಳನ್ನು ಹೀಗೇ ಅಂದಾಜು ಮಾಡುತ್ತಾರೆ. ಅಂತರರಾಷ್ಟ್ರೀಯ ಗಣತಿ 1967ರಲ್ಲಿ, ಏಷ್ಯಾದ್ದು 1987ರಲ್ಲಿ ಶುರುವಾಯಿತು. ಜನವರಿಯೇ ಯಾಕೆಂದರೆ ಆಗ ವಲಸೆ ಹಕ್ಕಿಗಳು ಊರು ಬದಲಿಸುವುದು ಕಡಿಮೆ, ಒಂದನ್ನೇ ಎರಡು ಕಡೆ ಎಣಿಸುವ ಭಯ ಕಡಿಮೆ. ನಿಮ್ಮ ಕೆರೆಯ ಲೆಕ್ಕವನ್ನು 2002ರಿಂದ ಇರುವ, ಹಕ್ಕಿಗಳ ಲೆಕ್ಕ ಸೇರಿಸುವ ಜಾಲತಾಣ ಈಬರ್ಡ್‌ನಲ್ಲಿ ಹಾಕಬಹುದು. ನನಗೆ ಮಾತ್ರ ನೂರು ಪುಟದ ನೋಟ್‌ಬುಕ್ಕೇ ಇಷ್ಟ. ಎಡಪುಟದಲ್ಲಿ ದಿನಾಂಕ ಮತ್ತು ಮೆಟ್ಟಿಲಿನ ಸಂಖ್ಯೆ, ಬಲಪುಟದಲ್ಲಿ ಹಕ್ಕಿಗಳು. ಏನೂ ಸಿಗದ ದಿನವನ್ನೂ ಬರೆಯುತ್ತೇನೆ. ಯಾವಾಗ ಇರಲಿಲ್ಲ ಎಂಬುದು ಗೊತ್ತಿಲ್ಲದಿದ್ದರೆ ಯಾವಾಗ ಬಂತು ಎಂದು ಹೇಳಲಾಗದು, ಅಲ್ವಾ?

ಜಾಸ್ತಿ ಹಕ್ಕಿ, ಕೆಟ್ಟ ನೀರು

ಒಂದು ಮೋಸದ ಬಗ್ಗೆ ಹೇಳಲೇಬೇಕು. ಚರಂಡಿ ನೀರು ಸೇರುವ ಮೂಲೆಯಲ್ಲಿ ಮೆಟ್ಟುಗಾಲು ಹಕ್ಕಿಗಳು ನೂರಾರು ನಿಂತಿರುವುದನ್ನು ನೋಡಿ 'ಕೆರೆ ಚೆನ್ನಾಗಿದೆ' ಎಂದು ಖುಷಿಪಡುವವರಿದ್ದಾರೆ. ಕೊಳಕು ನೀರಲ್ಲಿ ಆಮ್ಲಜನಕ ಕಡಿಮೆ. ಅಲ್ಲಿ ಹೆಚ್ಚಿನ ಹುಳಗಳು ಬದುಕವು. ಆದರೆ ಕಚ್ಚದ ಒಂದು ಜಾತಿಯ ನೊಣದ ಕೆಂಪು ಮರಿಹುಳಗಳಿಗೆ ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಇದೆ. ಇದ್ದಷ್ಟು ಆಮ್ಲಜನಕ ಹಿಡಿದಿಟ್ಟುಕೊಂಡು ಅವು ಕೆಸರಲ್ಲಿ ಲಕ್ಷಗಟ್ಟಲೆ ಬೆಳೆಯುತ್ತವೆ. ಮೆಟ್ಟುಗಾಲು ಹಕ್ಕಿಗೆ ಅದು ತುಂಬಿದ ಬುತ್ತಿ. ಹಾಗಾಗಿ ಒಂದೇ ಜಾತಿಯ ಸಂಖ್ಯೆ ನೋಡಿ ನೀರಿಗೆ ಸರ್ಟಿಫಿಕೇಟ್ ಕೊಡಬೇಡಿ. ಎಷ್ಟು ಬಗೆಯ ಹಕ್ಕಿ, ಎಷ್ಟು ಬಗೆಯ ಆಳದಲ್ಲಿ ಮೇಯುತ್ತಿವೆ ಎಂದು ನೋಡಿ.

ಇನ್ನು ಕಲ್ಲುಗೋಡೆಯ ಮಾತು. ಕೆರೆ 'ಅಭಿವೃದ್ಧಿ' ಎಂದರೆ ಹೂಳೆತ್ತಿ, ತಳ ಆಳ ಮಾಡಿ, ಸುತ್ತ ನೇರ ಗೋಡೆ ಕಟ್ಟಿ, ಮೇಲೆ ನಡೆಯುವ ದಾರಿ ಹಾಕುವುದು. ನೋಡಲು ಚೆಂದ. ನೀರೂ ಜಾಸ್ತಿ ನಿಲ್ಲುತ್ತದೆ. ಆದರೆ ಕೆರೆಯೊಂದು ಬಟ್ಟಲಾಗುತ್ತದೆ. ಗೇಣುದ್ದದ ನೀರು, ಮೊಳದುದ್ದದ ನೀರು, ಕೆಸರು, ಜೊಂಡು, ಎಲ್ಲ ಹೋಗಿ ಉಳಿಯುವುದು ಆಳುದ್ದದ ನೀರೊಂದೇ. ನೀರುಕಾಗೆ ಇರುತ್ತದೆ. ಗೊರವ, ಉಲ್ಲಂಕಿ, ಬಾತು, ದೇವನಕ್ಕಿಗಳಿಗೆ ಮೇಯಲು ಜಾಗ ಇರುವುದಿಲ್ಲ. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ದೇಶಗಳು ಸೇರಿ ಜೌಗು ಕಾಪಾಡುವ ಒಪ್ಪಂದ ಮಾಡಿಕೊಂಡವು. ಅದರಲ್ಲಿ ಜೌಗು ಎಂದರೇನು ಎಂದು ಹೇಳುವಾಗ ನಿಂತ ನೀರು, ಹರಿಯುವ ನೀರು, ವರ್ಷವಿಡೀ ಇರುವ ನೀರು, ಸ್ವಲ್ಪ ಕಾಲ ಮಾತ್ರ ಇರುವ ನೀರು, ಎಲ್ಲವನ್ನೂ ಸೇರಿಸಿದ್ದಾರೆ. ಆ ಕೊನೆಯ ಮಾತು ಬಟ್ಟಲು ಕಟ್ಟುವವರ ಕಿವಿಗೆ ಬಿದ್ದಂತಿಲ್ಲ.

ಈ ವಾರ ನಾಲ್ಕನೇ ಮೆಟ್ಟಿಲು ಅರ್ಧ ಒಣಗಿದೆ. ಪಾಚಿಯ ಹಸಿರು ಗೆರೆಯ ಕೆಳಗೆ ಎರಡು ಬೆರಳು ಅಗಲದ ಹೊಸ ಕೆಸರು. ಅದರ ಮೇಲೆ ಸಣ್ಣ ಮೂರು ಬೆರಳಿನ ಹೆಜ್ಜೆ ಗುರುತು ಇತ್ತು, ಹಕ್ಕಿ ಕಾಣಲಿಲ್ಲ. ನೋಟ್‌ಬುಕ್ಕಿನಲ್ಲಿ ಅಷ್ಟನ್ನೇ ಬರೆದೆ. ರಾತ್ರಿ ಗೆಳೆಯನ ಫೋನ್ ಬಂತು. ಈಗೀಗ ಅವನು ಹಕ್ಕಿ ಬಂದಿದೆಯಾ ಎಂದು ಕೇಳುವುದಿಲ್ಲ.

'ಮೆಟ್ಟಿಲು ಎಷ್ಟು?' ಎಂದ.

'ಮೂರೂವರೆ.'

'ಹಾಗಾದ್ರೆ ಇನ್ನೊಂದು ವಾರ ಮಲಗ್ತೀನಿ' ಎಂದು ಇಟ್ಟುಬಿಟ್ಟ.